ತಿಂಡಿಯವನನ್ನು ಆರಿಸಿದ ವಾರ

ನನ್ನ ಅಕ್ಷರ ದುಂಡಗಿಲ್ಲ. ಮಾತಿಗೆ ಓದಿದವರ ನಯವಿಲ್ಲ. ಬೆಳಗೋಡಿನ ಶಾಲೆಯಲ್ಲಿ ಮೂರನೆಯ ತರಗತಿಗೇ ನನ್ನ ಓದು ಮುಗಿಯಿತು. ಕಾಗದದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲಾದ್ದರಿಂದ ಓದುವವರು ಸಹಿಸಿಕೊಳ್ಳಬೇಕು. ನಾಲ್ಕು ಜನ ಎದುರಿಗೆ ನಿಂತರೆ ನನ್ನ ನಾಲಿಗೆ ಏಳುವುದಿಲ್ಲ. ಆದರೆ ನಲವತ್ತು ಹೆಂಗಸರು ಒಂದೆಡೆ ಕುಳಿತು ದುಡಿಯುವ ಜಾಗದಲ್ಲಿ ನಗುವಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಯುವುದು ನನ್ನಿಂದಾಗದು.

ಸಕಲೇಶಪುರದ ಹೊರಗೆ, ಕಾಫಿ ಹದ ಮಾಡುವ ಕಾರ್ಖಾನೆಯೊಂದರಲ್ಲಿ ನಾವು ಬೀಜ ಆರಿಸುತ್ತಿದ್ದೆವು. ಮೇಜಿನ ಮೇಲೆ ಬೀಜ ಹರಡಿ, ಕಪ್ಪಾದದ್ದನ್ನೂ ಒಡೆದದ್ದನ್ನೂ ಬೇರೆ ಬೇರೆ ಗುಡ್ಡೆ ಮಾಡುವುದೇ ನಮ್ಮ ಕೆಲಸ. ಹತ್ತು ಗಂಟೆಗೆ ಕಾಲು ಗಂಟೆ ಬಿಡುವು. ಆಗ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಕುಳಿತು ಮನೆಯಿಂದ ತಂದ ತಣ್ಣನೆಯ ರೊಟ್ಟಿ ತಿನ್ನುತ್ತಿದ್ದೆವು. ಬಿಸಿ ತಿಂಡಿಯೂ ಕಾಫಿಯೂ ಬೇಕೆಂದು ನಾವು ಕೇಳಿದಾಗ ಮ್ಯಾನೇಜರು ನಕ್ಕರು.

"ಆಗಲಿ. ಶನಿವಾರದೊಳಗೆ ಒಬ್ಬ ಹೋಟೆಲಿನವನನ್ನು ನೀವೇ ಆರಿಸಿ. ಎಲ್ಲರೂ ಒಪ್ಪಬೇಕು. ಒಪ್ಪದಿದ್ದರೆ ಬಿಡುವೂ ಇಲ್ಲ, ಶೆಡ್ಡೂ ಇಲ್ಲ. ಗೋಣಿಚೀಲ ಇಡೋದಕ್ಕೆ ನನಗೆ ಜಾಗ ಸಾಲದು."

ನಲವತ್ತು ಹೆಂಗಸರು ಒಂದು ಮಾತಿಗೆ ಬರುವುದುಂಟೇ ಎಂಬುದು ಅವರ ಧೈರ್ಯ. ಬಂದೇ ತೋರಿಸಬೇಕೆಂಬುದು ನಮ್ಮ ಹಟ.

ಉಪ್ಪಿಟ್ಟಿನ ಗುಡ್ಡೆ

ಮೊದಲು ಬಂದವನು ಬಸ್ ನಿಲ್ದಾಣದ ಹೋಟೆಲಿನವನು. ಪ್ರತಿಯೊಬ್ಬರ ಮುಂದೆ ಎಲೆಯಿಟ್ಟು ಉಪ್ಪಿಟ್ಟು ಬಡಿಸಿದ. ನಾವು ತಿನ್ನಲೆಂದೇ ಕುಳಿತದ್ದು ನಿಜ. ಆದರೆ ಹರಡಿದ್ದನ್ನು ಕಂಡೊಡನೆ ಕೈ ತನ್ನಷ್ಟಕ್ಕೆ ತಾನು ಕೆಲಸಕ್ಕೆ ತೊಡಗಿತು. ಸೀದದ್ದು ಒಂದು ಕಡೆ, ಕಲ್ಲು ಒಂದು ಕಡೆ, ಒಳ್ಳೆಯದು ಒಂದು ಕಡೆ. ಗಳಿಗೆಯೊಳಗೆ ಎಲ್ಲರ ಎಲೆಯಲ್ಲಿಯೂ ಮೂರು ಮೂರು ಗುಡ್ಡೆ.

"ಏನ್ರಮ್ಮ, ತಿನ್ನಕ್ಕೆ ಕೊಟ್ರೆ ಆಟ ಆಡ್ತಿದ್ದೀರಾ?" ಎಂದು ಅವನು ಕೆಂಪಾದ.

"ಆಟ ಅಲ್ಲ ಕಣಪ್ಪ, ಕೈ ಕೇಳಕ್ಕಿಲ್ಲ," ಎಂದಳು ನಮ್ಮೆಲ್ಲರಿಗಿಂತ ಹಿರಿಯಳಾದ ಅಜ್ಜಿ.

ಅಷ್ಟರಲ್ಲಿ ನಮ್ಮ ಮೇಸ್ತ್ರಿ ಬಂದರು. ಅವರಿಗೆ ಕಣ್ಣು ಸ್ವಲ್ಪ ಮಂದ. ಅಜ್ಜಿಯ ಎಲೆಯ ಮೇಲೆ ಬಗ್ಗಿ ನೋಡಿ, ತಲೆಯಾಡಿಸಿ, "ಕಪ್ಪು ಇನ್ನೂ ಉಳಿದೈತೆ. ಇನ್ನೊಂದ್ಸಲ ಆರಿಸ್ರವ್ವ," ಎಂದು ಮುಂದಕ್ಕೆ ಹೋದರು.

ಮ್ಯಾನೇಜರು ಮೆಚ್ಚಿದ ಕಾಫಿ

ಉಪ್ಪಿಟ್ಟಿನವನು ಮತ್ತೆ ಇತ್ತ ಸುಳಿಯಲಿಲ್ಲ. ಗುರುವಾರ ಮಾರನಹಳ್ಳಿಯ ಹೋಟೆಲಿನವನು ಬಂದ. ಇವನನ್ನು ಕರೆಸಿದವರು ಸ್ವತಃ ಮ್ಯಾನೇಜರು. ನಮ್ಮ ಎದುರಿಗೇ ನಿಂತು ಒಂದು ಲೋಟ ಮುಗಿಸಿ, ಎರಡನೆಯದಕ್ಕೆ ಕೈ ನೀಡಿದರು.

"ಘಾಟಿ ಹತ್ತಿ ಬಂದ ಲಾರಿಯವರೆಲ್ಲ ಇವನ ಕಾಫಿಗೆ ಅಂತಲೇ ನಿಲ್ಲಿಸ್ತಾರೆ. ನಿಮಗೆ ರುಚಿ ಗೊತ್ತಿದ್ದರೆ ತಾನೇ!"

ಅಜ್ಜಿ ಒಂದು ಗುಟುಕು ಬಾಯಲ್ಲಿ ಆಡಿಸಿ, ಎದ್ದು ಹೋಗಿ ಚರಂಡಿಗೆ ಉಗುಳಿದಳು. "ಇದು ನಮ್ಮ ಕಪ್ಪು," ಎಂದಳು.

ಕಪ್ಪೆಂದರೆ ನಾವು ಕೆಟ್ಟದ್ದೆಂದು ತೆಗೆದುಹಾಕುವ ಬೀಜ. "ಅದು ಹೆಂಗಜ್ಜಿ ಹೇಳ್ತೀಯ?" ಎಂದು ಹೋಟೆಲಿನವನು ಏರಿ ಬಂದ.

"ತೆಗೆದು ಬಿಸಾಕಿದೋಳು ನಾನೇ ಕಣಪ್ಪ. ಹೆತ್ತ ಮಕ್ಕಳ ಗುರ್ತು ಮರೆತರೂ ಇದರ ಗುರ್ತು ಮರೆಯಕ್ಕಿಲ್ಲ."

ಅವನು ತಲೆ ತಗ್ಗಿಸಿದ. ನಮ್ಮ ಕಾರ್ಖಾನೆಯಿಂದಲೇ ಹೋದ ತಿಂಗಳು ಎರಡು ಮೂಟೆ ಕೊಂಡದ್ದು ನಿಜವೆಂದ. ಮ್ಯಾನೇಜರ ಬಾಯಿ ಆಗ ತುಂಬಿತ್ತು. ನುಂಗಲೂ ಆರದೆ, ನಮ್ಮೆದುರು ಉಗುಳಲೂ ಆರದೆ, ಕೆನ್ನೆ ಉಬ್ಬಿಸಿಕೊಂಡೇ ಆಫೀಸಿನವರೆಗೆ ನಡೆದರು.

ಚಿಪ್ಪು

ಶನಿವಾರ ಬೆಳಿಗ್ಗೆ ಆಲೂರಿನ ಕಡೆಯವನೊಬ್ಬ ಬಂದ. ಅವನೇ ಕೊನೆಯವನು. ಇವನನ್ನೂ ಬೇಡವೆಂದರೆ ಶೆಡ್ಡು ಗೋಣಿಚೀಲದ ಪಾಲು. ಇಡ್ಲಿ ಹೂವಿನಂತಿತ್ತು, ಕಾಫಿಯ ಪರಿಮಳ ಮೇಜಿನವರೆಗೂ ಬಂದಿತ್ತು. ಎಲ್ಲರ ಮುಖವೂ ಅರಳಿತು.

ಅಷ್ಟರಲ್ಲಿ ಅವನು ಒಳಗಿನ ಬೆಂಚಿನ ಮೇಲೆ ಗಾಜಿನ ಲೋಟಗಳನ್ನಿಟ್ಟು, ಕಿಟಕಿಯ ಆಚೆ ಜಗುಲಿಯ ಮೇಲೆ ಆರು ತೆಂಗಿನ ಚಿಪ್ಪುಗಳನ್ನು ಸಾಲಾಗಿಟ್ಟ. ಊರಾಚೆಯ ಕೇರಿಯಿಂದ ಬರುವವರು ನಮ್ಮಲ್ಲಿ ಆರು ಮಂದಿ. ಯಾರೂ ಹೇಳಿರಲಿಲ್ಲ, ಅವನೇ ವಿಚಾರಿಸಿಕೊಂಡು ಎಣಿಸಿ ತಂದಿದ್ದ. ನಮ್ಮ ಮನೆಯ ಹಿತ್ತಿಲ ಮಾಡಿನಲ್ಲಿಯೂ ಅಂಥ ಚಿಪ್ಪೊಂದು ಸಿಕ್ಕಿಸಿಯೇ ಇತ್ತು. ಅಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂದು ಬಿತ್ತು.

ಆ ಆರು ಮಂದಿಯಲ್ಲಿ ಒಬ್ಬಳು ಮೇಜಿನಲ್ಲಿ ನನ್ನ ಪಕ್ಕದವಳು. ಅವಳು ಜಗುಲಿಗೆ ಹೋಗಿ ಚಿಪ್ಪನ್ನು ಕೈಯಲ್ಲಿ ತಿರುಗಿಸಿ ನೋಡಿ, ಕೆಳಗಿಟ್ಟಳು.

"ನಾನು ಆರಿಸಿದ ಬೀಜ ಹಡಗು ಹತ್ತಿ ಸೀಮೆಗೆ ಹೋಗ್ತೈತೆ. ಅಲ್ಲಿ ದೊರೆಗಳು ಕುಡಿದ್ರೆ ಅವರ ಪಿಂಗಾಣಿಗೆ ಏನೂ ಆಗಕ್ಕಿಲ್ಲ. ಇವನ ಗಾಜಿಗೆ ಏನಾಗ್ತದಂತೆ? ನಂಗೆ ಬ್ಯಾಡ," ಎಂದು ಅಲ್ಲಿಯೇ ಕುಳಿತಳು. ಉಳಿದ ಐವರೂ ಕುಳಿತರು.

ನಾನು ಎದ್ದು ಹೊರಗೆ ಹೋಗಿ, ಅವಳು ಇಟ್ಟ ಚಿಪ್ಪನ್ನೆತ್ತಿ ಅವನ ಮುಂದೆ ಹಿಡಿದೆ. "ಇದರಾಗೆ ಹುಯ್ಯಿ," ಎಂದೆ.

"ಅಯ್ಯೋ, ನಿಮ್ದು ಒಳಗೈತೆ ಕಣವ್ವ!"

"ಗೊತ್ತು. ಹುಯ್ಯಿ."

ನನ್ನ ಹಿಂದೆ ಒಬ್ಬೊಬ್ಬರಾಗಿ ಹೆಂಗಸರು ಬಂದು ನಿಂತರು. ಆರು ಚಿಪ್ಪು ಗಳಿಗೆಯಲ್ಲಿ ಖಾಲಿ. "ನಮಗೂ ಚಿಪ್ಪು ಕೊಡು" ಎಂದು ಸಾಲು ಬಾಗಿಲವರೆಗೆ ಬೆಳೆಯಿತು. ಅವನು ಲೋಟ ನೀಡಿದರೆ ಯಾರೂ ಮುಟ್ಟಲೊಲ್ಲರು.

"ಗಾಜಿನ ಲೋಟ ನಂಗಾಗಕ್ಕಿಲ್ಲಪ್ಪ, ಹಲ್ಲು ಜುಮ್ಮನ್ನುತ್ತೆ," ಎಂದಳು ಬಾಯಲ್ಲಿ ಒಂದೂ ಹಲ್ಲಿಲ್ಲದ ಅಜ್ಜಿ.

ಮ್ಯಾನೇಜರು ಗಡಿಯಾರ ನೋಡುತ್ತ ಬಂದರು. "ಏನು ಮೇಸ್ತ್ರಿ, ಎಲ್ಲರೂ ಒಪ್ಪಿದರೋ?"

"ಒಪ್ಪಿದ್ರು ಸ್ವಾಮಿ. ಎಲ್ರೂ ಚಿಪ್ಪೇ ಬೇಕು ಅಂತವ್ರೆ."

ಮ್ಯಾನೇಜರು ಮತ್ತೊಮ್ಮೆ ಗಡಿಯಾರ ನೋಡಿದರು. ಕಾಫಿ ಆರುತ್ತಿತ್ತು. ಹೋಟೆಲಿನವನ ಮುಖದಲ್ಲಿ ಬೆವರಿಳಿಯುತ್ತಿತ್ತು. ಕೊನೆಗೆ ಅವನೇ ಲೋಟಗಳ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು, ಜಗುಲಿಯಲ್ಲಿ ಕುಳಿತ ಆರು ಮಂದಿಯ ಮುಂದೆ ಬಗ್ಗಿ ನಿಂತ.

"ಅವ್ವ, ನಿಮ್ಮ ಕಾಲಿಗೆ ಬೀಳ್ತೀನಿ. ನೀವಾದ್ರೂ ಲೋಟದಾಗೆ ಕುಡೀರಿ. ಚಿಪ್ಪೆಲ್ಲ ಇವ್ರೇ ಹಿಡ್ಕೊಂಡವ್ರೆ!"

"ಒಳಗೆ ಬೆಂಚಿನ ಮೇಲೆ ಕೂತು?" ಎಂದಳು ನನ್ನ ಪಕ್ಕದವಳು.

"ಕೂತೇ ಕುಡೀರಿ."

"ಸೋಮವಾರಾನೂ?"

"ದಿನಾ ಕುಡೀರವ್ವ. ಎಲ್ರಿಗೂ ಒಂದೇ ಲೋಟ. ನನ್ನ ಬಿಟ್ಟುಬುಡಿ."

ಅವಳು ನಿಧಾನವಾಗಿ ಎದ್ದು ಸೀರೆಯ ಧೂಳು ಕೊಡವಿ, ಉಳಿದ ಐವರನ್ನು ಕರೆದಳು: "ಬನ್ರೇ. ಪಾಪ, ಇಷ್ಟೊಂದು ಬೇಡ್ಕೊತಾವ್ನೆ. ಕುಡಿದು ಪುಣ್ಯ ಕಟ್ಕಳಣ."

ಬರೆದದ್ದರಲ್ಲಿ ತಪ್ಪುಗಳು ಬೇಕಾದಷ್ಟಿರಬಹುದು. ಓದಿದವರು ದಯವಿಟ್ಟು ಮನ್ನಿಸಬೇಕು.