ಗುಂಡು, ಪುಗ್ಗಾ ಮತ್ತು ಕಂಡಕ್ಟರನ ದಮ್ಮು

ಸತ್ತವರ ಮನೆಯಲ್ಲಿ ನಗುವಂಥದ್ದು ಏನೂ ಆಗಬಾರದು ಅನ್ನುತ್ತಾರೆ. ಆದರೆ ಇಂಥ ಮನೆ ಬಿಟ್ಟು ಮುಂದಿನ ಮನೆಗೆ ಹೋಗೋಣ ಅನ್ನುವ ತಿಳಿವಳಿಕೆ ನಗುವಿಗೆ ಎಲ್ಲಿದೆ? ನಮ್ಮಲ್ಲಿಗೆ ಅದು ಹೊತ್ತುಗೊತ್ತಿಲ್ಲದೆ ಬಂತು.

ನಾನು ಕಲಬುರಗಿ-ಕಮಲಾಪುರ ಬಸ್ಸಿನ ಕಂಡಕ್ಟರ್. ಕರೋನಾ ಎರಡನೇ ಸಲ ಬಂದಾಗ ನನಗೂ ಹೆಂಡತಿಗೂ ಒಂದೇ ವಾರದಲ್ಲಿ ಹತ್ತಿಕೊಂಡಿತು. ಇಬ್ಬರೂ ಒಂದೇ ಆಸ್ಪತ್ರೆ ಸೇರಿದೆವು. ನಾನು ಕೆಳಗೆ ಗಂಡಸರ ವಾರ್ಡಿನಲ್ಲಿ, ಅವಳು ಮೇಲೆ ಹೆಂಗಸರ ವಾರ್ಡಿನಲ್ಲಿ. ಮನೆಗೆ ತಿರುಗಿ ಬಂದವನು ನಾನೊಬ್ಬನೇ.

ಮೂರು ಗುಂಡು

ಜ್ವರ ಇಳಿದರೂ ದಮ್ಮು ಬರಲಿಲ್ಲ. ಉಸಿರಾಟದ ವ್ಯಾಯಾಮ ಹೇಳಿಕೊಡಲು ಒಬ್ಬ ಹುಡುಗಿ ಬರುತ್ತಿದ್ದಳು. ಎಲ್ಲರೂ ಅವಳನ್ನು ಫಿಜಿಯೋ ಮೇಡಂ ಅನ್ನುತ್ತಿದ್ದರು. ಒಂದು ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಟ್ಟಳು. ಅದರಲ್ಲಿ ಗೋಲಿಯಂಥ ಮೂರು ಗುಂಡು, ಬದಿಗೊಂದು ನಳಿಕೆ. "ಬಾಯಾಗ ಇಟ್ಕೊಂಡು ಗುಂಡು ಮ್ಯಾಲ ಏರಿಸ್ರಿ ಕಾಕಾ" ಅಂದವಳೇ ಮುಂದಿನ ಮಂಚಕ್ಕೆ ಓಡಿದಳು.

ನಾನು ಎರಡು ದಿನ ಊದಿದೆ. ಕಣ್ಣು ಹೊರಗೆ ಬರುವಂತೆ ಊದಿದೆ. ಒಂದು ಗುಂಡೂ ಅಲುಗಲಿಲ್ಲ. ಪಕ್ಕದ ಮಂಚದವರು, "ಡಬ್ಬಿ ಕೆಟ್ಟದ ಕಾಣಸ್ತದ, ಬದಲಿ ಮಾಡಸ್ರಿ" ಅಂದರು. ಮೂರನೇ ದಿನ ಹುಡುಗಿ ನೋಡಿ ಹಣೆ ಬಡಿದುಕೊಂಡಳು.

"ಕಾಕಾ, ಇದು ಊದೋದಲ್ರೀ! ಒಳಗ ಎಳಿಯೋದು!"

"ಇಪ್ಪತ್ತಾರು ವರ್ಷ ಸೀಟಿ ಊದೇ ಪಗಾರ ತಗೊಂಡೀನವ್ವಾ. ಎಳಿಯೋದು ಯಾರೂ ಕಲಿಸಿಲ್ಲ" ಅಂದೆ.

ಸಂಜೆ ಮೇಲಿನ ವಾರ್ಡಿನಿಂದ ಹೆಂಡತಿಯ ಫೋನು ಬರುತ್ತಿತ್ತು. ಆಕ್ಸಿಜನ್ ಮಾಸ್ಕಿನೊಳಗಿಂದ ಮಾತು ಗುಂಯ್ ಅನ್ನುತ್ತಿತ್ತು. "ಗುಂಡು ಎಷ್ಟು ಏರಿದ್ವು?" ಅಂತ ಮೊದಲ ಪ್ರಶ್ನೆ.

"ಎರಡು" ಅಂತ ಸುಳ್ಳು ಹೇಳಿದೆ. ಒಂದೇ ಅರ್ಧಕ್ಕೆ ಬಂದು ಬಿದ್ದಿತ್ತು.

"ಇಷ್ಟೇನಾ? ನನ್ನವು ಮೂರೂ ಏರ್ಯಾವ."

ಮದುವೆಯಾದ ಇಪ್ಪತ್ನಾಲ್ಕು ವರ್ಷದಲ್ಲಿ ಅವಳು ನನಗೆ ಯಾವುದರಲ್ಲೂ ಸೋತವಳಲ್ಲ. ಹಟ ಬಂತು. ರಾತ್ರಿ ಹಗಲು ಎಳೆದೆ. ಐದನೇ ದಿನ ಎರಡು ಗುಂಡು ನಿಜವಾಗಿಯೂ ಏರಿದವು. ಹೇಳೋಣ ಅಂತ ಫೋನು ಹಿಡಿದು ಕುಳಿತೆ. ಫೋನು ಬರಲಿಲ್ಲ. ಡಾಕ್ಟರರ ಹಿಂದೆ ಆ ಹುಡುಗಿ ಬಂದಳು. ಡಾಕ್ಟರು ಹೇಳುವುದನ್ನು ಹೇಳಿ ಹೋದರು. ಅವಳು ಮಾತ್ರ ನನ್ನ ಮಂಚದ ತುದಿಗೆ ಕುಳಿತಳು.

"ಮೂರೂ ಗುಂಡು ಏರಿಸ್ತಿದ್ಳಲ್ಲವ್ವಾ" ಅಂದೆ.

ಹುಡುಗಿ ಹೇಳಿದಳು: "ಕಾಕೂಗ ಡಬ್ಬಿ ಕೊಟ್ಟೇ ಇದ್ದಿಲ್ರೀ. ಮಾಸ್ಕ್ ತೆಗಿಯಂಗೇ ಇದ್ದಿಲ್ಲ. ನಿಮ್ಮ ಡಬ್ಬ್ಯಾಗ ಎಷ್ಟು ಗುಂಡ ಇರ್ತಾವ ಅಂತ ನನಗ ಕೇಳಿ ತಿಳ್ಕೊಂಡಿದ್ರು."

ಡಬ್ಬಿಯೇ ಇಲ್ಲದೆ ನನಗಿಂತ ಒಂದು ಗುಂಡು ಹೆಚ್ಚು ಏರಿಸಿ ಹೋದಳು.

ಪುಗ್ಗಾ

ಮನೆಗೆ ಕಳಿಸುವಾಗ ಹುಡುಗಿ, "ದಿನಾ ಪುಗ್ಗಾ ಊದ್ರಿ ಕಾಕಾ, ನಿಮಗ ಊದಾಕ ಬರ್ತದಲ್ಲ" ಅಂದಿದ್ದಳು. ಪುಗ್ಗಾ ಅಂದರೆ ಬಲೂನು. ನನ್ನ ಅಕ್ಕ ಶಹಾಬಜಾರದ ನಮ್ಮ ಮನೆಗೆ ಬಂದು ಇದ್ದಳು. ಅಂಗಡಿಗಳು ಅರ್ಧ ಬಾಗಿಲು ತೆರೆಯುತ್ತಿದ್ದ ದಿನಗಳು. ಅಕ್ಕನಿಗೆ ಸಿಕ್ಕಿದ್ದು ಹುಟ್ಟುಹಬ್ಬದ ಪುಗ್ಗಾಗಳ ಒಂದು ಪಾಕೀಟು. ಕೆಂಪು ಪುಗ್ಗಾ, ಮೇಲೆ ಬಂಗಾರದ ಬಣ್ಣದಲ್ಲಿ ಹ್ಯಾಪಿ ಬರ್ತ್‌ಡೇ.

ಒಂದು ಬೆಳಿಗ್ಗೆ ನಡುಮನೆಯಲ್ಲಿ ಕುಳಿತು ಊದುತ್ತಿದ್ದೆ. ಎದುರಿಗೆ ಗೋಡೆಯ ಮೇಲೆ ಹೆಂಡತಿಯ ಫೋಟೋ, ಹಾರ, ಊದುಬತ್ತಿ. ಬ್ರಹ್ಮಪುರದಿಂದ ಅವಳ ಸೋದರಮಾವ ಮಾತಾಡಿಸಿ ಹೋಗಲು ಬಂದರು. ಹೊಸ್ತಿಲಲ್ಲೇ ಟವಲು ಕಣ್ಣಿಗೆ ಹಚ್ಚಿಕೊಂಡು, "ಹ್ಯಾಂಗ ಆತಲ್ಲೋ ಅಳಿಯಾ..." ಅಂತ ಒಳಗೆ ಬಂದವರು ನನ್ನನ್ನು ನೋಡಿ ನಿಂತೇಬಿಟ್ಟರು. ನನ್ನ ಬಾಯಲ್ಲಿ ಪುಗ್ಗಾ. ಬಿಟ್ಟರೆ ಗಾಳಿ ಹೋಗುತ್ತದೆ, ಬಿಡದಿದ್ದರೆ ಮಾತಾಡುವಂತಿಲ್ಲ. ಗಾಬರಿಯಲ್ಲಿ ಬಿಟ್ಟೆ. ಅದು ಪುರ್ರ್ ಅಂತ ಮನೆಯೆಲ್ಲ ಸುತ್ತಿ ಅವರ ತಲೆಯ ರುಮಾಲಿಗೆ ಬಡಿದು ಬಿತ್ತು.

"ಡಾಕ್ಟರ್ ಹೇಳ್ಯಾರ್ರೀ" ಅಂದಳು ಅಕ್ಕ.

ಮಾವ ಪುಗ್ಗಾ ಎತ್ತಿಕೊಂಡು ಅಕ್ಷರ ನೋಡಿದರು. ಆಮೇಲೆ ನನ್ನ ಪಕ್ಕ ಕುಳಿತು ಕೈಗೆ ಕೊಟ್ಟರು. "ಊದಪ್ಪಾ. ಅವಳಂತೂ ಹೋದ್ಳು. ನೀ ಊದು." ನಾನು ಊದಿದೆ, ಅವರು ಅತ್ತರು.

ಊದಿದ್ದನ್ನು ಒಡೆಯುವುದು ಬೇಡ ಅಂತ ಅಕ್ಕ ಎಲ್ಲವನ್ನೂ ಕಿಟಕಿಗೆ ಕಟ್ಟುತ್ತಿದ್ದಳು. ವಾರದಲ್ಲಿ ಕಿಟಕಿ ತುಂಬಿತು. ಎಂಟನೇ ದಿನ ಓಣಿಯಲ್ಲಿ ಸುದ್ದಿ ಎದ್ದಿತು: "ಕಂಡಕ್ಟರ್ ಎರಡನೇ ಲಗ್ನಕ್ಕ ಮನಿ ಶೃಂಗಾರ ಮಾಡ್ಯಾನ."

ಎರಡು ತಾಸಿನ ನಡಿಗೆ

ಮುಂದಿನದು ನಡಿಗೆ. ದಿನಾ ಆರು ನಿಮಿಷ, ನಿಲ್ಲದೆ. ಆದರೆ ನಮ್ಮ ಓಣಿಯಲ್ಲಿ ಹೆಂಡತಿ ಸತ್ತವನನ್ನು ನಿಲ್ಲದೆ ನಡೆಯಲು ಯಾರು ಬಿಡುತ್ತಾರೆ? ಮೊದಲ ಮನೆಯವರು ಖುರ್ಚಿ ತಂದರು. ಎರಡನೇ ಮನೆಯಲ್ಲಿ ಚಹಾ. ಮೂರನೇ ಮನೆಯ ದರ್ಜಿ, "ಬೈಠೋ ಭಾಯಿ, ಭಾಬಿ ಭಾಳ ಛಲೋ ಇದ್ರು" ಅಂತ ಮಷಿನು ಬಿಟ್ಟು ಎದ್ದು ಬಂದ. ಅವಳು ಹೊಲಿಸಲು ಕೊಟ್ಟಿದ್ದ ಕುಪ್ಪಸ ಅವನಲ್ಲೇ ಉಳಿದಿತ್ತು. ತಂದು ನನ್ನ ತೊಡೆಯ ಮೇಲಿಟ್ಟ. ಇಬ್ಬರೂ ಅದನ್ನು ನೋಡುತ್ತ ಕುಳಿತೆವು.

ಸಂಜೆ ಫಿಜಿಯೋ ಹುಡುಗಿ ಫೋನು ಮಾಡಿ ಕೇಳಿದಳು: "ಎಷ್ಟೊತ್ತು ನಡದ್ರಿ ಕಾಕಾ?"

"ಎರಡು ತಾಸು."

"ಅಯ್ಯೋ! ಅಷ್ಟು ನಡೀಬಾರದ್ರೀ! ಎಷ್ಟು ದೂರ ಹೋಗಿದ್ರಿ?"

"ಏಳನೇ ಮನಿತನಕ."

ಕಮಲಾಪುರದಲ್ಲಿ ಐದೈದು ಸಲ

ಎರಡು ತಿಂಗಳಾದ ಮೇಲೆ ಕಮಲಾಪುರಕ್ಕೆ ಹೋದೆ. ಅವಳ ತವರು. ನನ್ನ ಅತ್ತೆಗೆ ಮಗಳ ಮುಖ ನೋಡಲು ಸಿಕ್ಕಿರಲಿಲ್ಲ. ಮಣ್ಣಿಗೂ ಯಾರನ್ನೂ ಬಿಟ್ಟಿರಲಿಲ್ಲ. ಸುದ್ದಿ ಕೇಳಿದ ದಿನದಿಂದ ಆ ಮುದುಕಿ ಒಂದು ಹನಿ ಕಣ್ಣೀರು ಹಾಕಿಲ್ಲ ಅಂತ ನೆರೆಮನೆಯ ಹೆಂಗಸರು ಚಿಂತೆಯಲ್ಲಿದ್ದರು. ನಾನು ಹೋದಾಗಲೂ "ಬಂದ್ರ್ಯಾ?" ಅಂದು ರೊಟ್ಟಿ ಬಡಿಯಲು ಎದ್ದರು, ಅಷ್ಟೆ. ನಾನೂ ಅತ್ತಿರಲಿಲ್ಲ. ಅಳಲು ಹೋದರೆ ಕೆಮ್ಮು ಬರುತ್ತಿತ್ತು, ಕೆಮ್ಮಿಗೆ ಹೆದರಿ ಅಳು ನುಂಗಿಬಿಡುತ್ತಿದ್ದೆ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಕುಳಿತು ಹೊಸದಾಗಿ ಹೇಳಿಕೊಟ್ಟಿದ್ದ ವ್ಯಾಯಾಮ ಶುರು ಮಾಡಿದೆ. ಕಣ್ಣು ಮುಚ್ಚಿ, ಎರಡೂ ಕಿವಿಗೆ ಬೆರಳಿಟ್ಟು, ಬಾಯಿ ಮುಚ್ಚಿ ದುಂಬಿಯ ಹಾಗೆ "ಮ್ಮ್ಮ್..." ಅನ್ನುತ್ತ ಉಸಿರು ಬಿಡುವುದು. ಐದು ಸಲ.

ಒಲೆಯ ಮುಂದಿದ್ದ ಅತ್ತೆಗೆ ಅದು ಕೇಳಿತು. ಅಳಿಯ ತಲೆ ಹಿಡಿದುಕೊಂಡು ಅಳುತ್ತಿದ್ದಾನೆ ಅಂದುಕೊಂಡರು. ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನ ಮುಂದೆ ಕುಸಿದು, "ನನ್ನ ಮಗಳ, ಹ್ಯಾಂಗ ಬಿಟ್ಟು ಹೋದೆವ್ವಾ..." ಅಂತ ಎರಡು ತಿಂಗಳು ಕಟ್ಟಿಟ್ಟಿದ್ದನ್ನೆಲ್ಲ ಬಿಟ್ಟರು. ಆ ದನಿಗೆ ನೆರೆಮನೆಯವರು ಓಡಿ ಬಂದರು. ಬಂದವರು ಅವರ ಕೊರಳು ಅಪ್ಪಿಕೊಂಡು ತಾವೂ ದನಿ ಎತ್ತಿದರು. ಕಿವಿಯಲ್ಲಿ ಬೆರಳಿಟ್ಟುಕೊಂಡ ನನಗೆ ಏನೂ ಗೊತ್ತಿಲ್ಲ. ಇವತ್ತು ನನ್ನ ದನಿ ಜೋರಾಗಿದೆ, ದಮ್ಮು ತಿರುಗಿ ಬರುತ್ತಿದೆ ಅಂತ ಒಳಗೊಳಗೇ ಖುಷಿಪಟ್ಟೆ.

ಐದು ಮುಗಿಸಿ ಕಣ್ಣು ಬಿಟ್ಟರೆ ಪಡಸಾಲೆಯ ತುಂಬ ಅಳುವ ಹೆಂಗಸರು.

"ಏನಾತ್ರೀ?" ಅಂದೆ.

"ನೀವೇ ಅಳ್ಲಾಕತ್ತಿದ್ರಲ್ಲಪ್ಪಾ!" ಅಂದರು ಅತ್ತೆ.

"ಅತ್ತಿ, ಅದು ಅಳೋದಲ್ರೀ. ವ್ಯಾಯಾಮ."

ಅಳು ಗಕ್ಕನೆ ನಿಂತಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದರು: "ದಿನಾ ಎಷ್ಟು ಸಲ ಮಾಡ್ಬೇಕಂತ ಇದು?"

"ಎರಡು ಹೊತ್ತು. ಐದೈದು ಸಲ."

ಅತ್ತೆ ಹೆಂಗಸರ ಕಡೆ ತಿರುಗಿದರು. "ಹಂಗಾರ ಸಂಜಿಗಿ ಮತ್ತ ಬರ್ರೆವ್ವಾ. ಎದಿ ಜರಾ ಹಗೂರಾತು."

ಸಂಜೆ ನಿಜವಾಗಿಯೂ ಬಂದರು. ನಾನು ಕಣ್ಣು ಮುಚ್ಚಿ ಶುರು ಮಾಡಿದೆ. ಒಂದು, ಎರಡು, ಮೂರು ಸರಿಯಾಗಿ ಬಂದವು. ನಾಲ್ಕನೆಯದಕ್ಕೆ ದನಿ ನಡುಗಿತು. ಐದು ಮುಗಿದ ಮೇಲೂ ನಿಲ್ಲಿಸಲು ಆಗಲಿಲ್ಲ. ಬೆರಳು ಕಿವಿಯಿಂದ ಜಾರಿದವು, ಬಾಯಿ ತೆರೆದುಕೊಂಡಿತು, ಕೆಮ್ಮು ಬಂದರೂ ಬರಲಿ ಅಂತ ಬಿಕ್ಕಿ ಬಿಕ್ಕಿ ಅಳುತ್ತಲೇ ಇದ್ದೆ.

ಹಿಂದಿನಿಂದ ಒಬ್ಬ ಹೆಂಗಸು ಮೆಲ್ಲಗೆ ಹೇಳಿದ್ದು ಕೇಳಿಸಿತು: "ಯಕ್ಕಾ, ನಿಮ್ಮ ಅಳಿಯಗ ಹೇಳ್ರೆವ್ವಾ, ಐದು ಯಾವಾಗೋ ಮುಗದಾವ. ಡಾಕ್ಟರ್ ಬೈದಾರು!"