ಅಳತೆಯ ಕುರ್ಚಿ

ಬೆಳಿಗ್ಗೆ ಆರು ನಲವತ್ತಕ್ಕೆ ಕಟಿಂಗ್ ಮಾಸ್ತರನಿಗೆ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಇಪ್ಪತ್ತಾರು ವರ್ಷ ಬೇರೆಯವರ ಅಂಗಿಗೆ ಬಟ್ಟೆ ಕತ್ತರಿಸಿದವನು ಹೆಂಡತಿಯ ಮುಂದೆ ಕತ್ತು ಚಾಚಿ ನಿಂತ. ಬೆರಳುಗಳು ಗಂಜಿಯಲ್ಲಿ ಅದ್ದಿ ಒಣಗಿಸಿದ ಕಾಲರಿನಂತೆ ಸೆಟೆದಿದ್ದವು.

"ಇವತ್ತು ರಿಪೋರ್ಟ್ ಬರುತ್ತಲ್ಲ. ತಂದು ನಿಮ್ಮ ಯಜಮಾನರ ಮುಖಕ್ಕೆ ಹಿಡೀರಿ" ಎಂದಳು ಹೆಂಡತಿ.

ರುಮಟಾಯ್ಡ್ ಸಂಧಿವಾತ ಅವನನ್ನು ಹಿಡಿದು ಎರಡು ವರ್ಷವಾಗಿತ್ತು. ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆದುಕೊಳ್ಳುತ್ತಿದ್ದ ಹಿರಿಯರು ಹೋದ ವಾರ ಕೆಲಸ ಬಿಟ್ಟಿದ್ದರು. ಹನ್ನೆರಡು ಇಂಚಿನ ಕತ್ತರಿ ಬಿಟ್ಟು ಟೇಪು ಹಿಡಿದರೆ ಈ ಕೈ ಇನ್ನೂ ಹತ್ತು ವರ್ಷ ಅನ್ನ ಹಾಕೀತು ಎಂಬುದು ಮಾಸ್ತರನ ಲೆಕ್ಕ. ಯಜಮಾನರು ಒಂದೇ ಷರತ್ತು ಹಾಕಿದ್ದರು: "ಕಾಯಿಲೆ ಜೋರಾಗಿದೆ ಅಂತ ಆಸ್ಪತ್ರೆಯವರು ಹೇಳಲಿ, ಆ ಅಳತೆಯ ಕುರ್ಚಿ ನಿಂದು."

ಸಂಧಿವಾತ ಯಾರಲ್ಲಿ ತೀವ್ರವಾಗುತ್ತದೆ ಎಂದು ಜೀನ್ ನೋಡಿ ತಿಳಿಯುವ ಅಧ್ಯಯನ ಆಸ್ಪತ್ರೆಯಲ್ಲಿ ನಡೆದಿತ್ತು. ಮಾಸ್ತರ ರಕ್ತ ಕೊಟ್ಟಿದ್ದ. ಹೋಲಿಕೆಗೆ ಆರೋಗ್ಯವಂತರೂ ಬೇಕೆಂದಾಗ ಯಜಮಾನರು ತಾವೇ ತೋಳು ಮಡಚಿ ಹೋಗಿದ್ದರು. ಅಂದಿನಿಂದ ಗಿರಾಕಿಗಳಿಗೆಲ್ಲ "ನಾನು ಆಸ್ಪತ್ರೆಯವರೇ ಆರಿಸಿದ ಆರೋಗ್ಯವಂತ" ಎನ್ನುತ್ತಿದ್ದರು.

ಹತ್ತು ಗಂಟೆಗೆ ಡಾಕ್ಟರಮ್ಮ ಕಾಗದ ಬಿಡಿಸಿದರು. "ಆರನೇ ಕ್ರೋಮೋಸೋಮಿನಲ್ಲಿ ಒಂದು ಜೀನ್ ಇದೆ. ಅದು ಕಟ್ಟೋ ಪ್ರೋಟೀನಿನ ಐದೇ ಐದು ಕೊಂಡಿಗಳನ್ನ ನಾವು ನೋಡೋದು. ಆ ಐದು ಒಂದು ಕ್ರಮದಲ್ಲಿದ್ದು, ಈ ರೋಗ ಬಂದ್ರೆ, ಮೂಳೆ ಸವೆಯೋ ಸಂಭವ ಜಾಸ್ತಿ. ಆ ಕ್ರಮಕ್ಕೇ ಗುರುತು ಅನ್ನೋದು; ಒಬ್ಬರಲ್ಲಿ ಹೆಚ್ಚಂದ್ರೆ ಎರಡು ಇರುತ್ತೆ."

"ಇಡೀ ಮೈಗೆ ಐದು ಹೊಲಿಗೆ!" ಮಾಸ್ತರ ತನ್ನ ಅಂಗೈಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಇಷ್ಟು ಸಣ್ಣ ಹೊಲಿಗೆಯನ್ನು ಹುಡುಕಿದ ಕಣ್ಣು ಎಂಥದ್ದಿರಬೇಕು ಎನಿಸಿತು. ಹಾಕಿದ ಕೈಯಂತೂ ಊಹೆಗೇ ನಿಲುಕಲಿಲ್ಲ. "ನನ್ನಲ್ಲಿ ಎಷ್ಟಿದೆ ಮೇಡಂ?"

"ಒಂದೂ ಇಲ್ಲ. ಒಳ್ಳೇ ಸುದ್ದಿ."

ಮಾಸ್ತರನ ಮುಖ ಇಳಿಯಿತು. "ಒಂದಾದ್ರೂ ಇದೆ ಅಂತ ಬರೆದುಕೊಡಿ ಮೇಡಂ. ಸಣ್ಣದು."

"ಇಲ್ಲದ್ದನ್ನ ಹೇಗ್ರೀ ಬರೀಲಿ?" ಡಾಕ್ಟರಮ್ಮ ನಕ್ಕರು. ಆಮೇಲೆ ಅವನ ಗೆಣ್ಣುಗಳನ್ನು ಒತ್ತಿ ನೋಡಿ ಗಂಭೀರರಾದರು. ವರದಿಯ ಕೆಳಗೆ ಪೆನ್ನಿನಲ್ಲಿ ಬರೆದರು: 'ಗುರುತು ಇಲ್ಲದಿದ್ದರೂ ರೋಗವಿದೆ. ಎಂಟು ಕೀಲು ಊದಿವೆ. ಕತ್ತರಿ ಕೆಲಸ ಬೇಡ.' ಯಜಮಾನರು ಒಪ್ಪಿಗೆ ಚೀಟಿ ಕಳಿಸಿದ್ದರಿಂದ ಅವರ ಮುಚ್ಚಿದ ಲಕೋಟೆಯನ್ನೂ ಕೊಟ್ಟರು.

ಮಾಸ್ತರ ದಾರಿಯಲ್ಲಿ ಹೆಂಡತಿಗೆ ಫೋನ್ ಮಾಡಿದ್ದೇ ತಪ್ಪಾಯಿತು. ಅವಳು ಅಂಗಡಿಯಲ್ಲಿ ಕಾಜಾ ಹೊಲಿಯುವ ಅಕ್ಕನಿಗೆ ತಿಳಿಸಿದಳು. ಅವನು ಹೊಸ್ತಿಲು ದಾಟುವುದರೊಳಗೆ ಅಂಗಡಿಗೆಲ್ಲ ಗೊತ್ತಾಗಿತ್ತು.

"ನಿನಗೆ ಏನೂ ಇಲ್ಲವಂತೆ!" ಇಸ್ತ್ರಿಯವನು ಸಂತೋಷದಿಂದ ಕೈ ಕುಲುಕಿದ. ಮಾಸ್ತರನ ಕಣ್ಣಲ್ಲಿ ನೀರು ಬಂತು.

"ನೋಡಿ, ಖುಷಿಗೆ ಅಳು ಬಂತು" ಎಂದಳು ಅಕ್ಕ.

"ನೋವಿಗೆ ಅಕ್ಕ."

"ರಕ್ತದಲ್ಲೇ ಇಲ್ಲದ ನೋವು ಬೆರಳಿಗೆ ಎಲ್ಲಿಂದ ಬರುತ್ತೋ?" ಎನ್ನುತ್ತ ಇಸ್ತ್ರಿಯವನು, ವ್ಯಾಯಾಮವಾಗಲಿ ಎಂದು, ದಪ್ಪ ಕೋಟಿನ ಬಟ್ಟೆಯ ಥಾನೊಂದನ್ನು ಅವನ ತೋಳಿಗೆ ಹೇರಿದ. ಥಾನು ಜಾರಿ, ಪಕ್ಕಕ್ಕೆ ಬಂದು ನಿಂತಿದ್ದ ಯಜಮಾನರ ಪಾದದ ಮೇಲೆ ಬಿತ್ತು.

ಯಜಮಾನರು ಕಾಲು ನೀವಿಕೊಳ್ಳುತ್ತಲೇ ವರದಿ ಓದಿದರು. "ತೀವ್ರತೆಯ ಗುರುತು: ಇಲ್ಲ. ಮತ್ತೆ ಕುರ್ಚಿ ಯಾಕಯ್ಯ?"

"ಕೆಳಗೆ ಓದಿ ಸಾರ್."

"ಅದು ಪೆನ್ನಲ್ಲಿ ಬರೆದಿದ್ದು. ಇದು ಪ್ರಿಂಟು. ಮಿಷನ್ ಸುಳ್ಳು ಹೇಳುತ್ತಾ?"

ಮಾಸ್ತರ ಎರಡನೇ ಲಕೋಟೆ ಚಾಚಿದ. ಎಲ್ಲರಿಗೂ ಕೇಳಲೆಂದು ಯಜಮಾನರು ಗಟ್ಟಿಯಾಗಿ ಓದತೊಡಗಿ, ಮಧ್ಯದಲ್ಲಿ ನಿಂತರು. ದಾರ ಮುಗಿದ ಮಿಷನ್ನಿನಂತೆ ತುಟಿ ಮಾತ್ರ ಆಡುತ್ತಿತ್ತು. ಅಕ್ಕ ಕಾಗದ ತೆಗೆದುಕೊಂಡಳು.

"ತೀವ್ರತೆಯ ಗುರುತು: ಎರಡು. ತಂದೆಯಿಂದ ಒಂದು, ತಾಯಿಯಿಂದ ಒಂದು."

ಯಜಮಾನರು ಹತ್ತು ಬೆರಳನ್ನೂ ಬೆಳಕಿಗೆ ಹಿಡಿದು, ಒಳಗೆ ಯಾರೋ ಕೂತಿರುವಂತೆ ದಿಟ್ಟಿಸಿದರು. "ಅಪ್ಪ ಅಮ್ಮ ಮನೆಯೆಲ್ಲ ಅಣ್ಣನಿಗೆ ಕೊಟ್ಟರು" ಎಂದರು ಮೆಲ್ಲಗೆ. "ನನಗೆ ಏನೂ ಬಿಟ್ಟಿಲ್ಲ ಅಂದ್ಕೊಂಡಿದ್ದೆ. ಇಬ್ಬರೂ ಸೇರಿ ಇದನ್ನ ಬಿಟ್ಟಿದ್ದಾರೆ. ಐವತ್ತೆರಡು ವರ್ಷದಿಂದ ನನ್ನ ಹತ್ರಾನೇ ಇದೆ."

ಮಾಸ್ತರನಿಗೂ ಮೈ ಜುಮ್ಮೆಂದಿತು. ಒಂದು ಕ್ಷಣ ತನ್ನ ನೋವೇ ಮರೆತುಹೋಯಿತು.

"ನಿಮಗೆ ನೋವಿದೆಯಾ ಸಾರ್?" ಇಸ್ತ್ರಿಯವನು ಕೇಳಿದ.

"ಇಲ್ಲ. ಅದೇ ಹೆದರಿಕೆ. ಎಷ್ಟು ತೀವ್ರ ಇದ್ರೆ ಇಷ್ಟು ವರ್ಷ ಸುಮ್ಮನೆ ಕೂತಿರುತ್ತೆ?"

"ಕೆಳಗೆ 'ಸದ್ಯ ರೋಗವಿಲ್ಲ, ಬರಲೇಬೇಕೆಂದೂ ಇಲ್ಲ' ಅಂತ ಡಾಕ್ಟರಮ್ಮ ಬರೆದಿದ್ದಾರಲ್ಲ" ಎಂದಳು ಅಕ್ಕ.

"ಪೆನ್ನಲ್ಲಿ" ಎಂದರು ಯಜಮಾನರು.

ಅಷ್ಟು ದಿನ ತಾವೂ ಬಟ್ಟೆ ಕತ್ತರಿಸುತ್ತಿದ್ದ ಕತ್ತರಿಯನ್ನು ಎರಡೂ ಕೈಯಲ್ಲಿ ಎತ್ತಿ ಮಾಸ್ತರನ ಮೇಜಿನ ಮೇಲಿಟ್ಟರು. ಟೇಪನ್ನು ಕೊರಳಿಗೆ ಹಾಕಿಕೊಂಡು, ಇಸ್ತ್ರಿಯವನ ಭುಜ ಹಿಡಿದು, ಅಳತೆಯ ಕುರ್ಚಿಯಲ್ಲಿ ಜೋಪಾನವಾಗಿ ಕುಳಿತರು.

ಮಾರನೆಯ ದಿನ ಇಬ್ಬರ ಪಾಲೂ ಸೇರಿ ನಲವತ್ತೆರಡು ಅಂಗಿಗಳ ಬಟ್ಟೆ ಕತ್ತರಿಸುವುದಿತ್ತು. ಸಂಜೆ ಏಳಕ್ಕೆ ಮಾಸ್ತರ ಮೂವತ್ತೊಂದು ಮುಗಿಸಿದ್ದ.