ಮೇಲ್ತುಟಿಯೊಳಗಿನ ಬಿಳಿ ಕಲೆ

ಹೆರಿಂಗ್ ಮೀನಿನ ಮುಳ್ಳೊಂದು ಚುಚ್ಚಿರದಿದ್ದರೆ ಟೋರ್ಕೆಲ್ ತನ್ನ ಮೇಲ್ತುಟಿಯನ್ನು ಎತ್ತಿ ನೋಡುತ್ತಲೇ ಇರಲಿಲ್ಲ. ಕನ್ನಡಿಯಲ್ಲಿ ಮುಳ್ಳು ಕಾಣಲಿಲ್ಲ. ತುಟಿಯ ಒಳಬದಿಯಲ್ಲಿ ನೆರಿಗೆಗಟ್ಟಿದ ಬಿಳಿ ಕಲೆಯೊಂದು ಕಂಡಿತು, ಆರಿದ ಹಾಲಿನ ಕೆನೆಯ ಹಾಗೆ.

ಅದರ ಮೂಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ವರ್ಷಗಳ ಹಿಂದೆ ಮಾವ ತೀರಿಕೊಂಡಾಗ ಹೆಂಡತಿ ಗುನ್ವೋರ್, "ನಿನ್ನ ಸ್ನೂಸ್ ವಾಸನೆ ಬಂದ್ರೆ ಅಪ್ಪನೇ ಬಾಗಿಲಲ್ಲಿ ನಿಂತ ಹಾಗಾಗುತ್ತೆ. ಬಿಟ್ಬಿಡು" ಎಂದು ಅತ್ತಿದ್ದಳು. ಅವನು ಶವಪೆಟ್ಟಿಗೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಅಂದಿನಿಂದ ಆ ತೇವದ ಹೊಗೆಸೊಪ್ಪಿನ ಪುಡಿಯ ಡಬ್ಬಿ, ಬಲೆಗಳನ್ನಿಡುವ ಶೆಡ್ಡಿನಲ್ಲಿ ಡಾಂಬರಿನ ಮಡಕೆಯ ಹಿಂದೆ ಅಡಗಿತ್ತು. ಅದರಿಂದೊಂದು ಚಿಟಿಕೆ ಅವನ ಮೇಲ್ತುಟಿಯೊಳಗೆ. ವಿಚಿತ್ರವೆಂದರೆ ಡಬ್ಬಿ ಸದಾ ಬೇಗ ಖಾಲಿಯಾಗುತ್ತಿತ್ತು. ಕಳ್ಳ ಪಕ್ಕದ ಮನೆಯ ಬಿರ್ಯೆರನೇ ಎಂದು ತೀರ್ಮಾನಿಸಿ, ಮೂರು ವರ್ಷಗಳಿಂದ ಅವನೊಡನೆ ಮಾತು ಬಿಟ್ಟಿದ್ದ.

ತುಟಿಯನ್ನು ಇನ್ನೂ ಹಿಡಿದಿದ್ದಾಗಲೇ ಇನ್ನೊಂದು ಪಕ್ಕದ ಮನೆಯ ಸ್ವೆಯಾ ಏಲಕ್ಕಿ ಬನ್ನುಗಳೊಂದಿಗೆ ಒಳಬಂದಳು. ಒಂದು ಕಾಲದಲ್ಲಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದಿದ್ದ ಅವಳಿಗೆ ತಿಳಿಯದ ರೋಗವಿರಲಿಲ್ಲ.

"ತೋರ್ಸು... ಅಯ್ಯೋ ದೇವರೇ! ನಮ್ಮ ಚಿಕ್ಕಪ್ಪಂಗೂ ಹೀಗೇ ಶುರುವಾಗಿದ್ದು. ಕೊನೆಗೆ ದವಡೆಯನ್ನೇ ತೆಗೆದ್ರು!"

ಹತ್ತು ಗಂಟೆಯೊಳಗೆ ಸುದ್ದಿ ದ್ವೀಪವನ್ನು ಸುತ್ತಿ ಬಂದಿತು. ಬೇಲಿಯಾಚೆಯಿಂದ ಬಿರ್ಯೆರ್ ಮೂರು ವರ್ಷಗಳ ಮೌನ ಮುರಿದ.

"ಟೋರ್ಕೆಲ್, ಹಳೇದೆಲ್ಲ ಮರೆಯೋಣ. ನೀನು ಹೋದ್ಮೇಲೆ ನಿನ್ ದೋಣಿ ಯಾರಿಗೆ ಅಂತ ಬರ್ದಿದೀಯಾ?"

ಗುನ್ವೋರ್ ಗಂಡನ ಕೋಟು ತಂದು ತೊಡಿಸಿ, ಪಟ್ಟಣದ ದಂತವೈದ್ಯೆಯ ಬಳಿಗೆ ಅವನನ್ನು ಹೊರಡಿಸಿ ತಾನೂ ಜೊತೆಗೆ ಹೊರಟಳು.

ಪಟ್ಟಣಕ್ಕೆ ಹೋಗುವ ದೋಣಿಯ ಕಟಕಟೆಯ ಬಳಿ ಟೋರ್ಕೆಲ್‌ಗೆ ನಲವತ್ತು ವರ್ಷಗಳ ಹಿಂದಿನ ಬೆಳಗೊಂದು ನೆನಪಾಯಿತು. ಇದೇ ಜಾಗ. ಆಗ ದೋಣಿಯ ನಾಯಕ ಗುನ್ವೋರಳ ತಂದೆ. "ನನ್ ಮಗಳನ್ನ ಕೇಳೋನು ಮೊದ್ಲು ಇದನ್ನ ತಡ್ಕೊಳ್ಳಲಿ" ಎಂದು ಡಬ್ಬಿ ಚಾಚಿದ್ದರು. ಒಂದೇ ಚಿಟಿಕೆ, ಟೋರ್ಕೆಲ್ ಕಟಕಟೆಗೆ ಬಾಗಿ ಬೆಳಗಿನ ಗಂಜಿಯನ್ನು ಸಮುದ್ರಕ್ಕೆ ಅರ್ಪಿಸಿದ್ದ. ಗುನ್ವೋರ್ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಿದ್ದಳು. ಇಂದಿಗೂ ಹಾಗೆಯೇ ನಗುತ್ತಾಳೆ. ಆ ನಗುವನ್ನು ಇನ್ನೆಷ್ಟು ದಿನ ನೋಡುವೆನೋ ಎಂದುಕೊಂಡ.

ದಂತವೈದ್ಯೆ ರಾಗ್ನ್‌ಹಿಲ್ಡ್ ಕೈಗವಸಿನ ಬೆರಳಿನಿಂದ ಕಲೆಯನ್ನು ಒತ್ತಿ ನೋಡಿದಳು, ಬಟ್ಟೆಯಿಂದ ಒರೆಸಿದಳು. ಕಲೆ ಅಳಿಸಲಿಲ್ಲ. ಗುನ್ವೋರ್ ಪಕ್ಕದಲ್ಲೇ ಕುಳಿತು ಗಂಡನ ಕೈ ಹಿಡಿದಿದ್ದಳು.

"ಸ್ನೂಸ್ ಇಡ್ತೀರಾ?"

ಟೋರ್ಕೆಲ್ ಹೆಂಡತಿಯ ಮುಖ ನೋಡಿದ. "ಇಲ್ಲ, ಡಾಕ್ಟರೇ. ಬಿಟ್ಟು ಹನ್ನೊಂದು ವರ್ಷ ಆಯ್ತು."

ವೈದ್ಯೆಯ ಹುಬ್ಬು ಗಂಟಿಕ್ಕಿತು. "ಹಾಗಾದ್ರೆ ಕಷ್ಟ. ಸ್ನೂಸ್‌ನಿಂದ ಬಂದಿದ್ರೆ ಬಿಟ್ಟ ಮೇಲೆ ತಾನೇ ಮಾಯವಾಗೋದು. ಕಾರಣ ಇಲ್ದೆ ಬಂದ ಬಿಳಿ ಕಲೆ ನಂಬೋ ಹಾಗಿಲ್ಲ, ಕ್ಯಾನ್ಸರ್‌ಗೆ ತಿರುಗಬಹುದು. ಈಗ್ಲೇ ಒಂದು ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸ್ತೀನಿ."

ಸೂಜಿ ಮೇಲೆದ್ದಿತು. ಹುಟ್ಟುಗೋಲಿನಷ್ಟು ಉದ್ದವಿದ್ದಂತೆ ಟೋರ್ಕೆಲ್‌ಗೆ ತೋರಿತು. ಶವಪೆಟ್ಟಿಗೆಯ ಮೇಲಿನ ಆಣೆಯೋ, ತುಟಿಯ ತುಣುಕೋ? ಸೂಜಿಯ ತುದಿಯಲ್ಲಿ ಹನಿಯೊಂದು ಹೊಳೆಯಿತು.

"ಇಡ್ತೀನಿ! ದಿನಾ ಇಡ್ತೀನಿ! ಶೆಡ್ಡಲ್ಲಿ, ಡಾಂಬರಿನ ಮಡಕೆ ಹಿಂದೆ ಡಬ್ಬಿ ಇದೆ!"

ಗುನ್ವೋರಳ ಕೈ ಸಡಿಲವಾಯಿತು.

"ಸರಿ, ಇವತ್ತೇ ನಿಲ್ಲಿಸಿ, ಆರು ವಾರ ಬಿಟ್ಟು ಬನ್ನಿ. ಕಲೆ ಉಳಿದಿದ್ರೆ ಕತ್ತರಿಸೋದೇ," ಎಂದು ವೈದ್ಯೆ ಸೂಜಿ ಕೆಳಗಿಟ್ಟಳು. "ನೀವೂ ಕೂತ್ಕೊಳ್ಳಿ ಗುನ್ವೋರ್. ಆರು ವರ್ಷದಿಂದ ಇಬ್ಬರೂ ಇತ್ತ ತಲೆ ಹಾಕಿಲ್ಲ."

"ನನಗೇನಾಗಿದೆ? ಬೇಡ, ಬೇಡ," ಎಂದ ಗುನ್ವೋರಳ ಕೈ ಬಾಯಿಗೆ ಅಡ್ಡ ಹೋಯಿತು. ವೈದ್ಯೆ ಆ ಕೈಯನ್ನು ಮೆಲ್ಲನೆ ಸರಿಸಿ ಮೇಲ್ತುಟಿ ಎತ್ತಿದಳು.

ನೆರಿಗೆಗಟ್ಟಿದ ಬಿಳಿ ಕಲೆ. ಅದೇ ಜಾಗ, ಕೊಂಚ ಚಿಕ್ಕದು.

"ಇವರ ಡಬ್ಬಿ ಎಲ್ಲಿರುತ್ತೆ ಅಂತ ನಿಮಗೂ ಗೊತ್ತಿತ್ತು ಅನ್ನಿ," ಎಂದಳು ವೈದ್ಯೆ.

ಮರಳುವ ದೋಣಿಯಲ್ಲಿ, ಅದೇ ಕಟಕಟೆಯ ಬಳಿ, ಗುನ್ವೋರ್ ಬಾಯಿ ಬಿಟ್ಟಳು.

"ಅಪ್ಪನ ಕೋಟು ಒಗೆದ್ಮೇಲೆ ಮನೇಲಿ ಅವರ ವಾಸನೆನೇ ಇಲ್ದೇ ಹೋಯ್ತು. ಬಲೆ ಹೊಲಿಯೋಕೆ ಶೆಡ್ಡಿಗೆ ಹೋದಾಗ ಡಬ್ಬಿ ಸಿಕ್ತು. ಮೊದಲ್ನೇ ದಿನ ಬರೀ ಮೂಸಿದೆ ಕಣೋ."

ಟೋರ್ಕೆಲ್ ಅವಳ ಭುಜ ಬಳಸಿದ.

ದಡದಲ್ಲಿ ಬಿರ್ಯೆರ್ ಕಾಯುತ್ತಿದ್ದ. ಟೋರ್ಕೆಲ್ ನೇರವಾಗಿ ಅವನೆದುರು ನಿಂತ. "ಬದುಕಿದೀನಿ ಕಣಯ್ಯ. ನನ್ ಡಬ್ಬಿ ಕದ್ದೋನು ನೀನು ಅಂದ್ಕೊಂಡಿದ್ದೆ. ತಪ್ಪಾಯ್ತು."

"ಅಷ್ಟಕ್ಕೇ ಮೂರು ವರ್ಷ ಮಾತು ಬಿಟ್ಟಿದ್ಯಾ, ಕತ್ತೆ!" ಬಿರ್ಯೆರ್ ಆನಂದದಿಂದ ಜೇಬಿಗೆ ಕೈಹಾಕಿ, ಮುಚ್ಚಳ ಬಿಚ್ಚದ ಹೊಸ ಡಬ್ಬಿಯೊಂದನ್ನು ಚಾಚಿದ. "ತಗೋ, ರಾಜಿ ಆಯ್ತು!"

ಟೋರ್ಕೆಲ್‌ನ ಕೈ ತಾನಾಗಿ ಮುಂದಾಯಿತು. ಗುನ್ವೋರಳದು ಅದಕ್ಕಿಂತ ಮೊದಲೇ ಅಲ್ಲಿತ್ತು. ಅವಳು ಮುಚ್ಚಳ ತೆರೆದು, ಕಣ್ಣು ಮುಚ್ಚಿ ಒಮ್ಮೆ ದೀರ್ಘವಾಗಿ ಮೂಸಿ, ಡಬ್ಬಿಯನ್ನು ತನ್ನ ಕೈಚೀಲಕ್ಕೆ ಇಳಿಬಿಟ್ಟಳು.

"ಆರು ವಾರ ಇದು ನನ್ ಹತ್ರ ಇರುತ್ತೆ. ಬರೀ ಮೂಸೋಕೆ."

ಚೀಲದ ಕೊಂಡಿ ಟಕ್ಕೆಂದು ಬಿದ್ದಿತು. ಹನ್ನೊಂದು ವರ್ಷ ತನ್ನ ಗುಟ್ಟನ್ನು ಕಾಯ್ದ ಆ ಡಾಂಬರಿನ ಮಡಕೆ ಈ ಚೀಲಕ್ಕಿಂತ ಎಷ್ಟು ದಯಾಳುವಾಗಿತ್ತೆಂದು ಟೋರ್ಕೆಲ್‌ಗೆ ಆಗ ಹೊಳೆಯಿತು.